ಕಾಲು ಜಾರುವುದು ನಿಂತಿದೆ, ತಿರುವು ಬಾಕಿ

ನಾನು ಅನಿಮೇಶನ್ ಮಾಡುತ್ತಿರುವ ಪಾತ್ರದ ಹತ್ತಿರ ಸದ್ಯ ಇರುವುದು ನಿಲುವು, ನಡಿಗೆ, ಓಟದ ಕ್ಲಿಪ್‌ಗಳು, ಅಂದರೆ ಚಲನೆಯ ತುಣುಕುಗಳು. ಒಂದೊಂದೇ ಕ್ಲಿಪ್ ನೋಡಿದರೆ ಯಾವುದರಲ್ಲೂ ತಕರಾರಿಲ್ಲ. ನಡಿಗೆಯಿಂದ ಓಟಕ್ಕೆ ದಾಟುವಾಗ ಮಾತ್ರ ಪಾದ ಎಣ್ಣೆ ಚೆಲ್ಲಿದ ನೆಲದ ಮೇಲಿಟ್ಟ ಹಾಗೆ ಜಾರುತ್ತಿತ್ತು. ಈ ಸಲದ ಕೆಲಸದ ಬಹುಪಾಲು ಅದಕ್ಕೇ ಹೋಯಿತು.

ಇಂಥದ್ದಕ್ಕೆ ಎಲ್ಲರೂ ಮೊದಲು ಕೊಡುವ ಸಲಹೆ ಬ್ಲೆಂಡ್ ಸಮಯ (ಒಂದು ಕ್ಲಿಪ್ಪನ್ನು ಇನ್ನೊಂದಕ್ಕೆ ಬೆರೆಸುವ ಹೊತ್ತು) ಹೆಚ್ಚಿಸು ಅಂತ. 0.2 ಸೆಕೆಂಡನ್ನು 0.5 ಮಾಡಿದರೆ ಜಾರುವುದು ಇನ್ನಷ್ಟು ಹೊತ್ತು ಕಾಣುತ್ತದೆ, ಅಷ್ಟೇ ಲಾಭ. ಎಷ್ಟು ಹೊತ್ತು ಬೆರೆಸುತ್ತೇವೆ ಅನ್ನುವುದಕ್ಕಿಂತ ಯಾವ ಪೋಸಿಗೆ ಯಾವ ಪೋಸನ್ನು ಬೆರೆಸುತ್ತೇವೆ ಅನ್ನುವುದೇ ಮುಖ್ಯ. ನನ್ನ ನಡಿಗೆಯ ಒಂದು ಸುತ್ತು 32 ಫ್ರೇಮ್, ಓಟದ್ದು 20; ಎರಡೂ ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ. ಅವುಗಳ ಪಾಡಿಗೆ ಬಿಟ್ಟರೆ ನಡಿಗೆಯಲ್ಲಿ ಎಡಗಾಲು ಮುಂದಿರುವ ಹೊತ್ತಿಗೆ ಓಟದಲ್ಲಿ ಬಲಗಾಲು ಮುಂದಿರಬಹುದು. ಅವೆರಡರ ಸರಾಸರಿ ತೆಗೆದರೆ ಎರಡೂ ಕಾಲು ಸೊಂಟದ ಕೆಳಗೆ ಬಂದು ಸೇರಿಕೊಳ್ಳುತ್ತವೆ. ದೇಹ ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ.

ಆದ್ದರಿಂದ ಫ್ರೇಮ್ ಲೆಕ್ಕ ಬಿಟ್ಟು ಹಂತದ ಲೆಕ್ಕಕ್ಕೆ ಬಂದೆ. ಎಡಪಾದ ನೆಲ ಮುಟ್ಟುವ ಕ್ಷಣ 0, ಬಲಪಾದದ್ದು 0.5; ಪ್ರತಿ ಕ್ಲಿಪ್‌ನಲ್ಲೂ ಇದೇ ಗುರುತು. ಓಡುವುದು ಒಂದೇ ಗಡಿಯಾರ, ಕ್ಲಿಪ್‌ಗಳೆಲ್ಲ ಅದಕ್ಕೆ ತಕ್ಕಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ಅರ್ಧಕ್ಕರ್ಧ ಬೆರೆತಾಗ ಸುತ್ತು 26 ಫ್ರೇಮ್ ಆಗುತ್ತದೆ. ಪಾತ್ರ ಮುಂದೆ ಸಾಗುವ ವೇಗವನ್ನೂ ಅದೇ ತೂಕದಲ್ಲಿ ಬೆರೆಸಬೇಕು, ಇಲ್ಲದಿದ್ದರೆ ಹೆಜ್ಜೆಗೂ ನೆಲಕ್ಕೂ ತಾಳೆಯಾಗುವುದಿಲ್ಲ.

ಇಷ್ಟಾದರೂ ನಟ್ಟನಡುವೆ ಒಂದು ಎಡವಟ್ಟು ಉಳಿಯುತ್ತದೆ. ನಡೆಯುವಾಗ ಪ್ರತಿ ಪಾದ ಸುತ್ತಿನ ಸುಮಾರು ಶೇ. 60ರಷ್ಟು ಹೊತ್ತು ನೆಲದ ಮೇಲಿರುತ್ತದೆ; ಓಡುವಾಗ ಎರಡೂ ಪಾದ ಗಾಳಿಯಲ್ಲಿರುವ ಗಳಿಗೆಯೇ ಇದೆ. ಊರಿದ ಪಾದಕ್ಕೂ ಎತ್ತಿದ ಪಾದಕ್ಕೂ ಸರಾಸರಿ ತೆಗೆದರೆ ನೆಲದಿಂದ ನಾಲ್ಕು ಬೆರಳು ಮೇಲೆ ತೇಲುವ ಪಾದ ಸಿಗುತ್ತದೆ. ಅದಕ್ಕೇ ನಿಧಾನ ಓಟದ ಕ್ಲಿಪ್ ಒಂದನ್ನು ಬ್ಲೆಂಡರ್ ತಂತ್ರಾಂಶದಲ್ಲಿ ಕೈಯಾರೆ ಮಾಡಿ ನಡುವೆ ಇಟ್ಟಿದ್ದೇನೆ. ಬೇಜಾರಿನ ಕೆಲಸ, ಆದರೆ ಈಗ ನಡಿಗೆಯೂ ಪೂರ್ತಿ ಓಟವೂ ನೇರವಾಗಿ ಬೆರೆಯುವುದೇ ಇಲ್ಲ.

ಕೀಲುಗಳ ತಿರುವಿಗೆ ಕ್ವಾಟರ್ನಿಯನ್ (ತಿರುವನ್ನು ಹೇಳುವ ನಾಲ್ಕು ಅಂಕಿಗಳ ಗುಂಪು) ಬಳಸುತ್ತಿದ್ದೇನೆ. ಕೆನ್ ಶೂಮೇಕ್ 1985ರಲ್ಲಿ ತೋರಿಸಿಕೊಟ್ಟ ದಾರಿ. ಇದರಲ್ಲಿ ಒಂದು ಕುತಂತ್ರವಿದೆ: ಒಂದು ಕ್ವಾಟರ್ನಿಯನ್‌ನ ನಾಲ್ಕೂ ಅಂಕಿಗಳ ಚಿಹ್ನೆ ಬದಲಿಸಿದರೂ ಅದು ಹೇಳುವ ತಿರುವು ಅದೇ. ಎರಡು ಕ್ಲಿಪ್‌ಗಳಲ್ಲಿ ಚಿಹ್ನೆ ಬೇರೆ ಬೇರೆಯಿದ್ದರೆ ಬ್ಲೆಂಡ್ ಸುತ್ತುದಾರಿ ಹಿಡಿಯುತ್ತದೆ. ಬಲ ಮುಂಗೈ ಗಿರಕಿ ಹೊಡೆದಿದ್ದು ಇದರಿಂದಲೇ. ಎರಡರ ಡಾಟ್ ಪ್ರಾಡಕ್ಟ್ (ಅಂಕಿಗಳನ್ನು ಜೋಡಿಜೋಡಿಯಾಗಿ ಗುಣಿಸಿ ಕೂಡಿಸಿದ್ದು) ಋಣವಾದರೆ ಒಂದರ ಚಿಹ್ನೆ ತಿರುಗಿಸುವ ಒಂದೇ ಸಾಲಿನ ಕೋಡ್ ಸಾಕಾಯಿತು.

ಓಟದಿಂದ ನಿಲುವಿಗೆ ಬರುವುದು ಬೇರೆಯೇ ಕಥೆ. ನಿಂತವನಿಗೆ ಹೆಜ್ಜೆಯ ಹಂತವೇ ಇಲ್ಲ, ಹೊಂದಿಸುವುದು ಯಾವುದಕ್ಕೆ? ಇಲ್ಲಿ ಕ್ರಾಸ್‌ಫೇಡ್ (ಒಂದು ಕ್ಲಿಪ್ಪನ್ನು ಮೆಲ್ಲಗೆ ಇಳಿಸುತ್ತ ಇನ್ನೊಂದನ್ನು ಏರಿಸುವುದು) ತೆಗೆದುಹಾಕಿ, ಗೇಮ್ ತಯಾರಕರ ಸಮ್ಮೇಳನವಾದ ಜಿಡಿಸಿಯಲ್ಲಿ 2018ರಲ್ಲಿ ಡೇವಿಡ್ ಬೊಲ್ಲೊ ವಿವರಿಸಿದ ಇನರ್ಶಿಯಲೈಸೇಶನ್ ಹಾಕಿದೆ. ಹಳೆಯ ಕ್ಲಿಪ್ಪನ್ನು ಆ ಕ್ಷಣವೇ ಬಿಟ್ಟುಬಿಡುವುದು. ಹಳೆ ಪೋಸಿಗೂ ಹೊಸ ಪೋಸಿಗೂ ಇರುವ ಅಂತರವನ್ನೂ ಆ ಅಂತರ ಬದಲಾಗುತ್ತಿದ್ದ ವೇಗವನ್ನೂ ಪ್ರತಿ ಕೀಲಿಗೆ ಬರೆದಿಟ್ಟುಕೊಳ್ಳುವುದು. ಆ ಅಂತರವನ್ನು ಹೊಸ ಕ್ಲಿಪ್‌ನ ಮೇಲೆ ಕೂಡಿಸುತ್ತ ಸೊನ್ನೆಗೆ ಇಳಿಸುವುದು. ಓಟದ ರಭಸ ತೋಳು, ಭುಜಗಳಲ್ಲಿ ಒಂದು ಕ್ಷಣ ಉಳಿದು ಆಮೇಲೆ ಇಳಿಯುವುದು ನೋಡಲು ಖುಷಿಯಾಗುತ್ತದೆ. ಕೀಲು ಆಗಲೇ ಗುರಿಯ ಕಡೆ ಜೋರಾಗಿ ಹೋಗುತ್ತಿದ್ದರೆ ಅಂತರ ಇಳಿಸುವ ವಕ್ರರೇಖೆ ಗುರಿ ದಾಟಿ ಆಚೆಗೆ ಹೋಗುತ್ತದೆ, ಮೊಣಕಾಲು ಹಿಂದುಮುಂದಾಗಿ ಬಾಗುತ್ತದೆ. ಹಾಗಾಗದಂತೆ ಇಳಿಸುವ ಸಮಯಕ್ಕೆ ಒಂದು ಮಿತಿಯಿದೆ: ಅಂತರವನ್ನು ವೇಗದಿಂದ ಭಾಗಿಸಿ 5ರಿಂದ ಗುಣಿಸಿದಷ್ಟು, ಅದಕ್ಕಿಂತ ಹೆಚ್ಚಿಲ್ಲ.

ಊರಿದ ಪಾದವನ್ನು ಐಕೆ (ಪಾದದ ಜಾಗದಿಂದ ಕಾಲಿನ ಕೀಲುಗಳ ಬಾಗು ಲೆಕ್ಕ ಹಾಕುವ ವಿಧಾನ) ಹಾಕಿ ಅಲ್ಲೇ ಹಿಡಿದಿಟ್ಟು, ಎತ್ತುವಾಗ 0.1 ಸೆಕೆಂಡಿನಲ್ಲಿ ಬಿಡಿಸುತ್ತಿದ್ದೇನೆ. ಹಿಡಿತ ಹೆಚ್ಚಾದರೆ ಕಾಲು ನೆಟ್ಟಗೆ ಸೆಟೆದು ಮೊಣಕಾಲು ಪಟ್ಟನೆ ಚಿಮ್ಮುತ್ತದೆ, ಆದ್ದರಿಂದ ಕಾಲಿನ ಪೂರ್ತಿ ಉದ್ದದ ಹತ್ತಿರ ಬಂದ ಕೂಡಲೇ ಪಾದವನ್ನು ಬಿಟ್ಟುಕೊಡುವ ಷರತ್ತು ಸೇರಿಸಿದ್ದೇನೆ.

ಬಾಕಿ ಇರುವುದು ಓಡುತ್ತಲೇ 180 ಡಿಗ್ರಿ ತಿರುಗುವುದು. ಈಗ ದೇಹ ಬುಗುರಿಯಂತಲ್ಲದಿದ್ದರೂ ನಿಂತಲ್ಲೇ ಸುತ್ತುತ್ತದೆ. ಯಾವ ಕಾಲು ಊರಿದೆ ಅನ್ನುವುದರ ಮೇಲೆ ಎಡಕ್ಕೊಂದು ಬಲಕ್ಕೊಂದು ಕ್ಲಿಪ್ ಬೇಕಾಗುತ್ತದೆ. ಎಡಗಾಲಿನದನ್ನು ಶುರು ಮಾಡಿದ್ದೇನೆ. ಅದು ಕೂತರೆ ಬಲಕ್ಕೆ ಕನ್ನಡಿ ಹಿಡಿದಂತೆ ತಿರುಗಿಸಿಕೊಂಡರಾಯಿತು.