ಎಂಪೈರ್ ಹೋಟೆಲಿನಲ್ಲಿ ರೂಮು ಸಿಗುತ್ತಾ?

ಊರಿಂದ ಯಾರೇ ಬರಲಿ, ನಾನು ಅವರನ್ನು ಇಂಗ್ಲೆಂಡಿನ ಬಾತ್ ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ. ರೋಮನ್ನರ ಕಾಲದ ಸ್ನಾನದ ಕೊಳ ನೋಡಿಕೊಂಡು ಏವನ್ ನದಿಯ ಕಡೆ ಬರುತ್ತೇವೆ. ಅಲ್ಲಿ ಎಲ್ಲರೂ ತಲೆ ಎತ್ತಿ ನಿಂತುಬಿಡುತ್ತಾರೆ. "ಅದ್ಯಾವ ಅರಮನೆ?" ಎಂಪೈರ್ ಹೋಟೆಲ್ ಅಂದ ಕೂಡಲೇ ಮುಂದಿನ ಪ್ರಶ್ನೆ: "ಒಂದು ರಾತ್ರಿಗೆ ಎಷ್ಟು?"

ಎಷ್ಟು ಕೊಟ್ಟರೂ ಸಿಗೋದಿಲ್ಲ. ಹೆಸರು ಮಾತ್ರ ಹೋಟೆಲಿನದು. ಒಳಗಿರುವುದು ಅಪಾರ್ಟ್‌ಮೆಂಟುಗಳು, ಕೆಲಸದಿಂದ ನಿವೃತ್ತರಾದ ಹಿರಿಯರ ಮನೆಗಳು. ಇದನ್ನು ಕೇಳಿ ಹೆಚ್ಚಿನವರು "ಅಯ್ಯೋ, ಇಷ್ಟು ಚೆಂದದ ಹೋಟೆಲನ್ನ ಹಾಳು ಮಾಡಿದರಲ್ಲ" ಅಂತ ಮರುಗುತ್ತಾರೆ. ಅವರಿಗೆ ನಾನು ಹೇಳುವ ಉತ್ತರ ಸ್ವಲ್ಪ ಉದ್ದ.

ಬಾತ್ ಇರುವುದೇ ಬಿಸಿನೀರಿನ ಬುಗ್ಗೆಯಿಂದ. ಸುಮಾರು 46 ಡಿಗ್ರಿ ಬಿಸಿಯ ನೀರು, ದಿನಕ್ಕೆ 10 ಲಕ್ಷ ಲೀಟರಿಗೂ ಜಾಸ್ತಿ ಉಕ್ಕುತ್ತದೆ. ಅದರಲ್ಲಿ ಮುಳುಗಿದರೆ, ಅದನ್ನು ಕುಡಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ನಂಬಿ ಬರುತ್ತಿದ್ದ ಸಿರಿವಂತರಿಗಾಗಿ 1899ರಿಂದ 1901ರ ಹೊತ್ತಿಗೆ ಈ ಹೋಟೆಲ್ ಎದ್ದು ನಿಂತಿತು. ನಕ್ಷೆ ಮಾಡಿದವರು ಚಾರ್ಲ್ಸ್ ಎಡ್ವರ್ಡ್ ಡೇವಿಸ್. ಮಣ್ಣಿನಡಿ ಹೂತುಹೋಗಿದ್ದ ರೋಮನ್ ಕೊಳವನ್ನು ಅಗೆಸಿ ಹೊರತೆಗೆದವರೂ ಅವರೇ. ಅಂದರೆ ನಮ್ಮ ನೆಂಟರು ಒಂದು ಗಂಟೆ ಮುಂಚೆ ಕೊಳದ ಹತ್ತಿರ ನಿಂತು ಫೋಟೋ ತೆಗೆಸಿಕೊಂಡಾಗಲೇ ಡೇವಿಸ್ ಕೆಲಸವನ್ನು ನೋಡಿಬಿಟ್ಟಿರುತ್ತಾರೆ!

ಚಾವಣಿಯನ್ನು ನಿಧಾನವಾಗಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಒಂದು ಕಡೆ ಕೋಟೆಯ ಹಾಗೆ ಬುರುಜು. ಅದರ ಪಕ್ಕ ದೊಡ್ಡ ಮನೆಯ ತ್ರಿಕೋನದ ಗೋಡೆ. ಆಮೇಲೆ ಹಳ್ಳಿಮನೆಯಂಥ ಪುಟ್ಟ ಮಾಡು. ದೊರೆಗಳು, ಮಧ್ಯಮ ವರ್ಗ, ಬಡವರು, ಮೂವರನ್ನೂ ಒಂದೇ ಕಟ್ಟಡದ ತಲೆಯ ಮೇಲೆ ಕೂರಿಸಿದ್ದಾರೆ ಅಂತ ಊರಿನವರು ಹೇಳುತ್ತಾರೆ. ಇದು ಅತಿಯಾಯಿತು, ಬಾತ್‌ಗೆ ಒಪ್ಪುವುದಿಲ್ಲ ಅಂತ ಬೈದವರೂ ಇದ್ದಾರೆ. ನನಗಂತೂ ಇಷ್ಟ.

ಹೋಟೆಲ್ ನಡೆದದ್ದು 1939ರವರೆಗೆ, 40 ವರ್ಷವೂ ಪೂರ್ತಿ ಇಲ್ಲ. ಯುದ್ಧ ಶುರುವಾಯಿತು. ಆಗ ಬ್ರಿಟಿಷ್ ನೌಕಾಪಡೆಯ ಆಡಳಿತ ನೋಡುತ್ತಿದ್ದ ಅಡ್ಮಿರಾಲ್ಟಿ ತನ್ನ ಎಷ್ಟೋ ವಿಭಾಗಗಳನ್ನು ಲಂಡನ್ನಿನಿಂದ ಬಾತ್‌ಗೆ ಸಾಗಿಸಿತು. ಎಂಪೈರ್ ಕೂಡ ಅದರ ಕೈಸೇರಿ, ಅತಿಥಿಗಳಿದ್ದ ಕಡೆ ಗುಮಾಸ್ತರು ಬಂದರು. 1942ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳು ಹಾಕಿದ ಬಾಂಬಿಗೆ ಊರಿನಲ್ಲಿ 400ಕ್ಕೂ ಜಾಸ್ತಿ ಜನ ಸತ್ತರು. ಈ ಕಟ್ಟಡ ಉಳಿಯಿತು. ಯುದ್ಧ ಮುಗಿದ ಮೇಲೂ ಆಫೀಸು ಮಾತ್ರ ಜಾಗ ಬಿಡಲಿಲ್ಲ, ದಶಕಗಟ್ಟಲೆ ಅಲ್ಲೇ ಇತ್ತು. 1990ರ ದಶಕದಲ್ಲಿ ಕಟ್ಟಡವನ್ನು ಮನೆಗಳನ್ನಾಗಿ ಮಾಡಿದರು.

ಈಗ ಹೇಳಿ, ಹೋಟೆಲನ್ನು ಮನೆಗಳು ನುಂಗಿದವಾ? ಹೋಟೆಲ್ ಹೋಗಿ ಆಗಲೇ ಅರ್ಧ ಶತಮಾನ ಆಗಿತ್ತು. ಮನೆಗಳಾದ ಮೇಲೆ ಅಲ್ಲಿಗೆ ಮತ್ತೆ ಜನವಾಸ ಬಂತು. ಪರಂಪರೆಯ ಕಟ್ಟಡಗಳ ಪಟ್ಟಿಯಲ್ಲಿ ಇರುವುದರಿಂದ ಹೊರಗಿನ ರೂಪವನ್ನು ಸುಮ್ನೆ ಬದಲಾಯಿಸುವ ಹಾಗೂ ಇಲ್ಲ.

ಹೋದ ಡಿಸೆಂಬರ್‌ನಲ್ಲಿ ಚಿಕ್ಕಮ್ಮ ಬಂದಿದ್ದರು. ನಾಲ್ಕೂವರೆಗೇ ಕತ್ತಲು. ಚಳಿಗೆ ಶಾಲನ್ನು ತಲೆವರೆಗೂ ಎಳೆದುಕೊಂಡು ಅವರೂ ಮೇಲೆ ನೋಡುತ್ತಿದ್ದರು. ಒಂದು ಕಿಟಕಿಯಲ್ಲಿ ಬೆಳಕು ಬಂತು. ಬಿಳಿ ಕೂದಲಿನ ಅಜ್ಜಿಯೊಬ್ಬರು ಹೂವಿನ ಕುಂಡವನ್ನು ಸ್ವಲ್ಪ ಆಚೆ ಸರಿಸಿ ಪರದೆ ಎಳೆದರು. ರೂಮಿನ ಬಾಡಿಗೆ ಎಷ್ಟು ಅಂತ ಚಿಕ್ಕಮ್ಮ ಕೇಳಲಿಲ್ಲ. "ನಡಿಯಪ್ಪಾ, ಅವರ ಮನೇಲಿ ದೀಪ ಹಚ್ಚೋ ಹೊತ್ತಾಯ್ತು" ಅಂದರು.