ದೇವರೇ ಕಾಯುತ್ತಾನೆ ಅಂದ ಮೇಲೆ ಹೆಲ್ಮೆಟ್ ಯಾಕೆ?

ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ಆಫೀಸಿನಲ್ಲಿ ಕೇಳುವವರು ಹೀಗೆ ಕೇಳುತ್ತಾರೆ: "ನೀವು ಕ್ರೈಸ್ತರು ಎಲ್ಲದಕ್ಕೂ ದೇವರ ಚಿತ್ತ, ದೇವರು ಕಾಪಾಡ್ತಾನೆ ಅಂತೀರಿ. ಮತ್ತೆ ಹೆಲ್ಮೆಟ್ ಯಾಕೆ, ಇನ್ಶೂರೆನ್ಸ್ ಯಾಕೆ, ಜ್ವರ ಬಂದ್ರೆ ಡಾಕ್ಟರ ಹತ್ರ ಓಡೋದ್ಯಾಕೆ?" ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಕೇಳುವವರದೂ ಅದೇ ಪ್ರಶ್ನೆ, ದನಿ ಮಾತ್ರ ಬೇರೆ: "ಇಷ್ಟು ನಂಬಿಕೆ ಇರೋರು ನೀವು, ಇನ್ನೂ ಮಾತ್ರೆ ತಗೋತಿದ್ದೀರಾ? ಪ್ರಾರ್ಥನೆ ಸಾಲದಾ?" ಮೊದಲನೆಯವರಿಗೆ ನಮ್ಮ ನಂಬಿಕೆ ಬರೀ ಬಾಯಿಮಾತು ಅನ್ನಿಸುತ್ತದೆ. ಎರಡನೆಯವರಿಗೆ ಅದು ಸಾಲದು ಅನ್ನಿಸುತ್ತದೆ. ಇಬ್ಬರಿಗೂ ನನ್ನ ಉತ್ತರ ಒಂದೇ ಆದ್ದರಿಂದ ಒಂದೇ ಕಡೆ ಬರೆದುಬಿಡುತ್ತೇನೆ.

ಹೆಲ್ಮೆಟ್ ಹಾಕಿಕೊಳ್ಳುವುದಕ್ಕೂ ದೇವರನ್ನು ನಂಬುವುದಕ್ಕೂ ಜಗಳವೇ ಇಲ್ಲ. ದೇವರು ಕಾಯುವುದರಲ್ಲಿ ಹೆಲ್ಮೆಟ್ಟೂ ಸೇರಿದೆ, ಡಾಕ್ಟರೂ ಸೇರಿದ್ದಾರೆ, ನನಗೆ ಅವನು ಕೊಟ್ಟಿರುವ ಬುದ್ಧಿಯೂ ಸೇರಿದೆ. ಇದು ನಾನು ಸುಮ್ನೆ ಅನುಕೂಲಕ್ಕೆ ಕಟ್ಟಿದ ಮಾತಲ್ಲ. ಬೈಬಲಿನಲ್ಲಿ ಇದನ್ನು ಬಿಡಿಸಿ ತೋರಿಸುವ ಒಂದು ಅಧ್ಯಾಯವಿದೆ, ಅಪೊಸ್ತಲರ ಕೃತ್ಯಗಳು 27. ಯಾಕೋ ನಮ್ಮ ಸಭೆಯ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಅದು ಜಾಸ್ತಿ ಬರುವುದಿಲ್ಲ.

ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಕೈದಿಯಾಗಿ ರೋಮಿಗೆ ಹೊರಟಿದ್ದಾನೆ. ಹಡಗಿನಲ್ಲಿ ಒಟ್ಟು 276 ಜನ. ಬಿರುಗಾಳಿಗೆ ಸಿಕ್ಕಿಬಿದ್ದಿದ್ದಾರೆ. ಎಷ್ಟೋ ದಿನ ಸೂರ್ಯನೂ ಕಾಣಲಿಲ್ಲ, ನಕ್ಷತ್ರಗಳೂ ಕಾಣಲಿಲ್ಲ, ಇನ್ನು ಬದುಕುತ್ತೇವೆ ಅನ್ನುವ ಆಸೆಯೇ ಹೋಗಿತ್ತು ಅಂತ ಬರೆದಿದೆ. ಆಗ ರಾತ್ರಿ ದೇವದೂತನೊಬ್ಬ ಪೌಲನ ಹತ್ತಿರ ನಿಂತು, ಹೆದರಬೇಡ, ನಿನ್ನ ಜೊತೆ ಇರುವವರೆಲ್ಲರ ಪ್ರಾಣವನ್ನೂ ದೇವರು ನಿನಗೆ ಕೊಟ್ಟಿದ್ದಾನೆ ಅಂತ ಹೇಳುತ್ತಾನೆ. ಪೌಲ ಎದ್ದು ಎಲ್ಲರಿಗೂ ಹೇಳಿದ: ಹಡಗು ಹೋಗುತ್ತದೆ, ನಿಮ್ಮಲ್ಲಿ ಒಬ್ಬರ ಪ್ರಾಣವೂ ಹೋಗುವುದಿಲ್ಲ. ದೇವರ ಮಾತು ಸಿಕ್ಕಿಬಿಟ್ಟಿತು. ನಮ್ಮಲ್ಲಿ ಎಷ್ಟೋ ಜನ ಆಗಿದ್ದರೆ ಅಲ್ಲಿಗೇ ಪ್ರಾರ್ಥನೆ ಮುಗಿಸಿ, ಸ್ತೋತ್ರ ಹೇಳಿ ಮಲಗುತ್ತಿದ್ದೆವು.

ಮುಂದೆ ಆದದ್ದು ನೋಡಿ. ಹದಿನಾಲ್ಕನೆಯ ರಾತ್ರಿ ನಾವಿಕರು ನೀರಿನ ಆಳ ನೋಡುತ್ತಾರೆ, ಮೊದಲು 20 ಮಾರು, ಸ್ವಲ್ಪ ಮುಂದೆ ಹೋದ ಮೇಲೆ 15 ಮಾರು. ದಡ ಹತ್ತಿರವಿದೆ, ಬಂಡೆಗೆ ಬಡಿಯಬಹುದು. ಲಂಗರು ಬಿಡುವ ನೆಪದಲ್ಲಿ ಅವರು ಚಿಕ್ಕ ದೋಣಿಯನ್ನು ಇಳಿಸಿ ಓಡಿಹೋಗಲು ನೋಡುತ್ತಾರೆ. ಪೌಲ ಅದನ್ನು ಗಮನಿಸಿ ಕೈದಿಗಳ ಕಾವಲಿಗಿದ್ದ ರೋಮಿನ ಸೇನಾಧಿಕಾರಿ ಶತಾಧಿಪತಿಗೆ ಹೇಳಿದ್ದು, ಇವರು ಹಡಗಿನಲ್ಲಿ ಉಳಿಯದೆ ಇದ್ದರೆ ನೀವು ಬದುಕುವುದಿಲ್ಲ ಅಂತ! ಅದೇ ಪೌಲ. ಒಬ್ಬರೂ ಸಾಯುವುದಿಲ್ಲ ಅಂತ ದೇವರ ಹೆಸರಿನಲ್ಲಿ ಹೇಳಿದವನು, ನಾವಿಕರು ಹೋದರೆ ಎಲ್ಲರೂ ಸಾಯುತ್ತೀರಿ ಅಂತಲೂ ಹೇಳುತ್ತಾನೆ. ಸಿಪಾಯಿಗಳು ದೋಣಿಯ ಹಗ್ಗ ಕತ್ತರಿಸಿ ಬಿಸಾಡುತ್ತಾರೆ. ಬೆಳಗಾಗುವ ಹೊತ್ತಿಗೆ ಪೌಲ ಎಲ್ಲರಿಗೂ ಊಟ ಮಾಡಿ ಅಂತ ಒತ್ತಾಯ ಮಾಡುತ್ತಾನೆ, ತಾನೇ ರೊಟ್ಟಿ ತಗೊಂಡು ದೇವರಿಗೆ ಸ್ತೋತ್ರ ಮಾಡಿ ಮುರಿದು ತಿನ್ನುತ್ತಾನೆ. ಆಮೇಲೆ ಭಾರ ಇಳಿಸಲು ಗೋದಿಯನ್ನು ಸಮುದ್ರಕ್ಕೆ ಸುರಿಯುತ್ತಾರೆ. ಹಡಗು ಮರಳಿಗೆ ಸಿಕ್ಕಿ ಒಡೆಯುತ್ತದೆ. ಈಜು ಬಂದವರು ಈಜಿದರು, ಬಾರದವರು ಹಲಗೆ ಹಿಡಿದುಕೊಂಡರು. 276 ಜನವೂ ದಡ ಸೇರಿದರು.

ಈಗ ಹೇಳಿ, ಅವರನ್ನು ಕಾಪಾಡಿದ್ದು ಯಾರು? ದೇವರೇ. ಹೇಗೆ? ನಾವಿಕರ ಕಸುಬಿನಿಂದ, ಕತ್ತರಿಸಿದ ಹಗ್ಗದಿಂದ, ಹೊಟ್ಟೆಗೆ ಬಿದ್ದ ರೊಟ್ಟಿಯಿಂದ, ಕೈದಿಗಳನ್ನು ಕೊಲ್ಲಲು ಹೊರಟ ಸಿಪಾಯಿಗಳನ್ನು ತಡೆದ ಶತಾಧಿಪತಿಯಿಂದ, ಕೊನೆಗೆ ಒಡೆದ ಹಡಗಿನ ಹಲಗೆಗಳಿಂದ. ಇದರಲ್ಲಿ ಒಂದನ್ನೂ ಪೌಲ ಅಪನಂಬಿಕೆ ಅಂತ ತಳ್ಳಿಬಿಡಲಿಲ್ಲ. ಮತ್ತೆ ಇನ್ನೊಂದು ಮಾತು, ಹಡಗು ಉಳಿಯಲಿಲ್ಲ. ಎಲ್ಲವನ್ನೂ ಉಳಿಸುತ್ತೇನೆ ಅಂತ ದೇವರು ಹೇಳಿಯೂ ಇರಲಿಲ್ಲ.

ರಾಜ ಹಿಜ್ಕೀಯನ ಕಥೆಯೂ ಹೀಗೆಯೇ. ಸಾಯುವ ಹಾಗೆ ಕಾಯಿಲೆ ಬಿದ್ದಿದ್ದ, ಗೋಡೆ ಕಡೆ ಮುಖ ಮಾಡಿ ಅತ್ತು ಪ್ರಾರ್ಥನೆ ಮಾಡಿದ, ದೇವರು ಇನ್ನೂ 15 ವರ್ಷ ಆಯುಸ್ಸು ಕೊಡುತ್ತೇನೆ ಅಂದ. ಅಷ್ಟಾದ ಮೇಲೂ ಪ್ರವಾದಿ ಯೆಶಾಯ, ಹುಣ್ಣಿಗೆ ಅಂಜೂರದ ಹಣ್ಣಿನ ಪಟ್ಟು ಹಾಕಿ ಅಂತ ಹೇಳುತ್ತಾನೆ. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟುವಾಗ ವೈರಿಗಳ ಬೆದರಿಕೆ ಬಂತು. ಜನ ದೇವರಿಗೆ ಪ್ರಾರ್ಥನೆಯನ್ನೂ ಮಾಡಿದರು, ಹಗಲು ರಾತ್ರಿ ಕಾವಲನ್ನೂ ಇಟ್ಟರು. ಎರಡೂ ಒಂದೇ ವಾಕ್ಯದಲ್ಲಿದೆ.

ಆದರೆ ಕೀರ್ತನೆ 91 ಇದೆಯಲ್ಲ, ಕಾಲು ಕಲ್ಲಿಗೆ ತಗಲದ ಹಾಗೆ ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅಂತ? ಇದೆ. ನಮ್ಮ ಮನೆ ಬಾಗಿಲ ಮೇಲೂ ಅದೇ ಕೀರ್ತನೆ ಇದೆ. ಮಕ್ಕಳು ಊರಿಗೆ ಹೊರಡುವಾಗ ಅದನ್ನು ಓದಿಯೇ ಕಳಿಸುತ್ತೇವೆ. ಆದರೆ ಆ ಮಾತನ್ನು ಯೇಸುವಿನ ಎದುರು ಎತ್ತಿ ಆಡಿದವನು ಯಾರು ಅನ್ನುವುದನ್ನು ಮರೆಯಬಾರದು. ಸೈತಾನ. ದೇವಾಲಯದ ತುದಿಗೆ ನಿಲ್ಲಿಸಿ, ಧುಮುಕು, ದೂತರು ಹಿಡಿಯುತ್ತಾರೆ ಅಂತ ಬರೆದಿದೆಯಲ್ಲ ಅಂದ. ಯೇಸು ಆ ಕೀರ್ತನೆ ಸುಳ್ಳು ಅನ್ನಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂತಲೂ ಬರೆದಿದೆ ಅಂದರು, ಧುಮುಕಲಿಲ್ಲ. ಹೆಲ್ಮೆಟ್ ಇಲ್ಲದೆ ರಿಂಗ್ ರೋಡಿಗೆ ಇಳಿದು ಕೀರ್ತನೆ 91 ಹೇಳಿಕೊಳ್ಳುವುದು ನನಗೆ ಆ ತುದಿಯಿಂದ ಧುಮುಕಿದ ಹಾಗೇ ಕಾಣುತ್ತದೆ.

ನಮ್ಮ ಸಭೆಯಲ್ಲಿ ಹೊಸ ಗಾಡಿ ತಗೊಂಡವರು ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಪಾಸ್ಟರ್ ಅಯ್ಯನವರನ್ನು ಕರೆದು ಪ್ರಾರ್ಥನೆ ಮಾಡಿಸುತ್ತಾರೆ. ಒಂದು ಸಲ ಒಬ್ಬ ಹುಡುಗ ಬೈಕ್ ತಂದಿದ್ದ. ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ, ನಂಬರ್ ಪ್ಲೇಟಿನ ಮೇಲೆ 'ಇಮ್ಮಾನುವೇಲ್' ಸ್ಟಿಕ್ಕರ್ ಆಗಲೇ ಅಂಟಿಸಿದ್ದ. ಅಯ್ಯನವರು ಟ್ಯಾಂಕಿನ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರು ಮಾಡುವುದಕ್ಕೆ ಮುಂಚೆ ಕೇಳಿದರು, "ಹೆಲ್ಮೆಟ್ ಎಲ್ಲಪ್ಪಾ?" "ಮನೇಲಿದೆ ಅಯ್ಯನವರೇ." "ಹೋಗಿ ತಗೊಂಡ್ಬಾ, ಎರಡಕ್ಕೂ ಒಟ್ಟಿಗೇ ಪ್ರಾರ್ಥನೆ ಮಾಡೋಣ." ಹುಡುಗ ತನ್ನ ಅಣ್ಣನ ಗಾಡಿಯಲ್ಲಿ ಹೋಗಿ ತಂದ. ಅಲ್ಲಿಯವರೆಗೆ ಅಯ್ಯನವರು ಬಿಸಿಲಿನಲ್ಲಿ ಅಲ್ಲೇ ನಿಂತಿದ್ದರು. ಆಮೇಲೆ ಹ್ಯಾಂಡಲಿಗೆ ಹೆಲ್ಮೆಟ್ ತೂಗುಹಾಕಿಸಿ ಪ್ರಾರ್ಥನೆ ಮಾಡಿದರು, ಹೋಗುವಾಗಲೂ ಬರುವಾಗಲೂ ಇವನನ್ನು ಕಾಪಾಡಪ್ಪಾ ತಂದೆ ಅಂತ. ನಾನು ಕೇಳಿದ ಒಳ್ಳೆಯ ಪ್ರಸಂಗಗಳಲ್ಲಿ ಅದೂ ಒಂದು.

ನಮಗಿಂತ ಮುಂಚೆ ಇಲ್ಲಿ ನಂಬಿ ಬದುಕಿದವರನ್ನೂ ನೋಡಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ರೋಗಿಗಳಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು, ಇವತ್ತು ಅದು ದೊಡ್ಡ ಆಸ್ಪತ್ರೆ. ಮೈಸೂರಿನವರು ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ಉಡುಪಿಯ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ಶುರು ಮಾಡಿದವರು ಸ್ವಿಟ್ಜರ್‌ಲೆಂಡಿನಿಂದ ಬಂದ ಡಾಕ್ಟರ್ ಇವಾ ಲೊಂಬಾರ್ಡ್. ಇವರೆಲ್ಲ ದೇವರ ಕಾಪಾಡುವಿಕೆಯನ್ನು ನಮಗಿಂತ ಕಡಿಮೆ ನಂಬಿದವರಾ? ಅದನ್ನು ನಂಬಿಯೇ ಗೊತ್ತಿಲ್ಲದ ಊರಿಗೆ ಬಂದವರು. ಬಂದವರು ಪ್ರಾರ್ಥನೆಯ ಜೊತೆಗೆ ವಾರ್ಡು, ಔಷಧಿ, ನರ್ಸಿಂಗ್ ತಂದರು.

ಆದ್ದರಿಂದಲೇ ಸಭೆಯವರಿಗೆ ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಉಪವಾಸ ಪ್ರಾರ್ಥನೆಯಲ್ಲಿ ದೇವರು ಮುಟ್ಟಿದ ಅಂತ ಅನ್ನಿಸಿದರೆ ಸ್ತೋತ್ರ ಹೇಳಿ, ದೇವರು ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿಯಾಗಿಯೂ ಹೇಳಿ, ಆದರೆ ಮಾತ್ರೆ ನಿಲ್ಲಿಸಬೇಡಿ. ಟಿಬಿ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳು ತಗೋಬೇಕು. ಕೆಲವು ವಾರಕ್ಕೇ ಕೆಮ್ಮು ಕಡಿಮೆಯಾಗಿ ಮೈ ಹಗುರಾಗುತ್ತದೆ. ಆಗ ನಿಲ್ಲಿಸಿದರೆ ರೋಗ ಮತ್ತೆ ಬರುತ್ತದೆ, ಎಷ್ಟೋ ಸಲ ಅದೇ ಮಾತ್ರೆಗೆ ಬಗ್ಗದ ಹಾಗೆ ಬರುತ್ತದೆ, ಮನೆಯವರಿಗೂ ಹರಡುತ್ತದೆ. ಫಿಟ್ಸ್ ಮಾತ್ರೆ, ಸಕ್ಕರೆ ಕಾಯಿಲೆಯ ಇನ್ಸುಲಿನ್, ಬಿಪಿ ಮಾತ್ರೆ, ಯಾವುದನ್ನೂ ಡಾಕ್ಟರು ಹೇಳದೆ ಬಿಡಬಾರದು. ದೇವರು ನಿಜವಾಗಿ ವಾಸಿ ಮಾಡಿದ್ದರೆ ಅದು ರಿಪೋರ್ಟಿನಲ್ಲೂ ಕಾಣುತ್ತದೆ, ಅವನ ಕೆಲಸಕ್ಕೆ ಲ್ಯಾಬಿನ ಭಯ ಇಲ್ಲ. ಯೇಸುವೇ ಶುದ್ಧನಾದ ಕುಷ್ಠರೋಗಿಗೆ ಹೋಗಿ, ರೋಗ ಹೋಯಿತೋ ಇಲ್ಲವೋ ಅಂತ ಪರೀಕ್ಷೆ ಮಾಡಿ ಹೇಳುವ ಯಾಜಕನಿಗೆ ತೋರಿಸು ಅಂದರಲ್ಲವೇ? ಇನ್ನೊಬ್ಬರ ಮಾತ್ರೆ ಬಿಡಿಸಿ ಅದನ್ನು ನಂಬಿಕೆ ಅಂತ ಕರೆಯುವವರ ಮೇಲೆ ನನಗೆ ಕೋಪವಿದೆ, ಮುಚ್ಚಿಡುವುದಿಲ್ಲ.

ಇಷ್ಟು ಸುಲಭದ ಭಾಗ. ಕಷ್ಟದ ಭಾಗ ಬೇರೆ ಇದೆ. ಹೆಲ್ಮೆಟ್ ಹಾಕಿದ್ದ, ಪ್ರಾರ್ಥನೆ ಮಾಡಿಯೇ ಹೊರಟಿದ್ದ, ಆದರೂ ಮನೆಗೆ ಬರಲಿಲ್ಲ. ಆಗ?

ಅಪೊಸ್ತಲರ ಕೃತ್ಯಗಳು 12ನೆಯ ಅಧ್ಯಾಯ ತೆಗೆಯಿರಿ. ಹೆರೋದ ರಾಜ ಯೇಸುವಿನ ಶಿಷ್ಯನೂ ಯೋಹಾನನ ಅಣ್ಣನೂ ಆದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಒಂದೇ ವಾಕ್ಯ, ಅಷ್ಟೇ. ಆಮೇಲೆ ಇನ್ನೊಬ್ಬ ಶಿಷ್ಯ ಪೇತ್ರನನ್ನು ಹಿಡಿಸಿದ. ಪೇತ್ರನಿಗೋಸ್ಕರ ಸಭೆ ಪ್ರಾರ್ಥಿಸಿತು, ದೇವದೂತ ಬಂದ, ಸರಪಳಿ ಕಳಚಿ ಬಿತ್ತು, ಕಬ್ಬಿಣದ ಬಾಗಿಲು ತಾನೇ ತೆರೆಯಿತು. ಯಾಕೋಬನಿಗೂ ಮನೆಯವರಿದ್ದರು. ಅವನೂ ಯೇಸುವಿಗೆ ಹತ್ತಿರದವನೇ, ಮೂವರನ್ನೇ ಕರೆದುಕೊಂಡು ಹೋದಾಗಲೆಲ್ಲ ಅದರಲ್ಲಿ ಅವನೂ ಇದ್ದ. ಅವನ ನಂಬಿಕೆ ಕಡಿಮೆ ಇತ್ತು ಅಂತ ಬೈಬಲ್ ಎಲ್ಲಿಯೂ ಹೇಳುವುದಿಲ್ಲ. ಯಾಕೆ ಹೀಗಾಯಿತು ಅಂತಲೂ ಹೇಳುವುದಿಲ್ಲ. ಬೈಬಲ್ಲೇ ಸುಮ್ಮನಿರುವ ಕಡೆ ಸಾವಿನ ಮನೆಗೆ ಹೋಗಿ ಕಾರಣ ಹೇಳಲು ನಮಗೆ ಯಾರು ಹೇಳಿದರು? "ಏನೋ ಪಾಪ ಇದ್ದಿರಬೇಕು", "ಪ್ರಾರ್ಥನೆ ಸಾಲಲಿಲ್ಲ", "ದೇವರ ಚಿತ್ತ, ಅಳಬೇಡಿ" — ಈ ಮೂರನ್ನೂ ನಾನು ಸಾವಿನ ಮನೆಗಳಲ್ಲಿ ಕೇಳಿದ್ದೇನೆ. ಗೆಳೆಯ ಲಾಜರ ಸತ್ತಾಗ ಅವನನ್ನು ಎಬ್ಬಿಸುವುದು ತನಗೆ ಗೊತ್ತಿದ್ದರೂ ಯೇಸು ಅತ್ತರು. ಅಳಬೇಡಿ ಅನ್ನಲು ನಾವು ಯಾರು?

ಸಾಕ್ಷಿ ಹೇಳುವಾಗಲೂ ಇದು ನೆನಪಿರಲಿ ಅಂತ ಕೇಳಿಕೊಳ್ಳುತ್ತೇನೆ. "ಆ ಬಸ್ಸು ನನಗೆ ತಪ್ಪಿತು, ಅದೇ ಬಸ್ಸು ಪಲ್ಟಿಯಾಯಿತು, ದೇವರು ನನ್ನನ್ನು ಉಳಿಸಿದ" ಅಂತ ಹೇಳುತ್ತೇವೆ. ಉಳಿದದ್ದಕ್ಕೆ ಕೃತಜ್ಞತೆ ಹೇಳಲೇಬೇಕು. ಆದರೆ ಆ ಬಸ್ಸಿನಲ್ಲಿ ಇದ್ದವರನ್ನು ದೇವರು ಬೇಡ ಅಂದ ಎಂಬ ಅರ್ಥ ಬರದ ಹಾಗೆ ಹೇಳಬೇಕು. ಹಿಂದಿನ ಬೆಂಚಿನಲ್ಲಿ ಮಗನನ್ನು ಕಳೆದುಕೊಂಡ ತಾಯಿ ಕೂತಿರಬಹುದು. ನಾನು ಉಳಿದೆ, ಸ್ತೋತ್ರ, ಹೋದವರ ಮನೆಯವರಿಗಾಗಿ ಪ್ರಾರ್ಥನೆ ಮಾಡಿ ಅಂತ ಹೇಳಿದರೆ ಸಾಕ್ಷಿಗೆ ಏನೂ ಕಡಿಮೆಯಾಗುವುದಿಲ್ಲ.

"ಹಾಗಿದ್ರೆ ನಂಬಿದವರಿಗೂ ನಂಬದವರಿಗೂ ವ್ಯತ್ಯಾಸ ಏನು ಬಂತು?" ಅಂತ ಆಫೀಸಿನ ಗೆಳೆಯರು ಪಟ್ಟು ಹಿಡಿಯುತ್ತಾರೆ. ನನ್ನ ಅನುಭವದಲ್ಲಿ ವ್ಯತ್ಯಾಸ ಭಯದಲ್ಲಿದೆ. ಮನೆಯಲ್ಲಿ ಒಬ್ಬರ ಬಯಾಪ್ಸಿ ರಿಪೋರ್ಟಿಗೆ ಕಾಯುತ್ತಿದ್ದ ದಿನಗಳಲ್ಲಿ ನಾನು ಒಳ್ಳೆಯ ರಿಪೋರ್ಟ್ ಬರಲಿ ಅಂತಲೇ ಬೇಡಿಕೊಂಡೆ, ಬಾಯಿ ಬಿಟ್ಟು ಬೇಡಿಕೊಂಡೆ. ಶಿಲುಬೆಗೆ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಕೂಡ ಈ ಪಾತ್ರೆಯನ್ನು, ಅಂದರೆ ಬರಲಿರುವ ಸಂಕಟವನ್ನು, ತೊಲಗಿಸು ಅಂತ ಮೊದಲು ಕೇಳಿದ್ದು, ನಿನ್ನ ಚಿತ್ತವೇ ಆಗಲಿ ಅಂದದ್ದು ಆಮೇಲೆ. ಕೇಳುವುದೇ ತಪ್ಪು ಅನ್ನುವ ಹಾಗೆ ನಾವು ನೇರವಾಗಿ ಎರಡನೆಯದಕ್ಕೆ ಹೋಗಬೇಕಾಗಿಲ್ಲ. ಹಾಗೆ ಕೇಳಿ ಅವನ ಕೈಗೆ ಕೊಟ್ಟ ಮೇಲೆ ರಾತ್ರಿ ನಿದ್ದೆ ಬಂತು. ರಿಪೋರ್ಟ್ ಹೇಗೇ ಬಂದರೂ ಬೆಳಿಗ್ಗೆ ಏನು ಮಾಡಬೇಕು, ಯಾವ ಡಾಕ್ಟರನ್ನು ಕೇಳಬೇಕು, ದುಡ್ಡು ಎಲ್ಲಿಂದ ಹೊಂದಿಸಬೇಕು ಅಂತ ಯೋಚಿಸುವಷ್ಟು ತಲೆ ನೆಟ್ಟಗಿತ್ತು. ಕೀರ್ತನೆ 23 ಕಾರ್ಗತ್ತಲಿನ ಕಣಿವೆಯೇ ಇರುವುದಿಲ್ಲ ಅಂತ ಹೇಳುವುದಿಲ್ಲ, ನೀನು ಹತ್ತಿರ ಇದ್ದೀಯ, ಅದಕ್ಕೇ ಹೆದರುವುದಿಲ್ಲ ಅಂತ ಹೇಳುತ್ತದೆ. ನನಗೆ ಆ ದಿನಗಳಲ್ಲಿ ಸಿಕ್ಕಿದ್ದು ಅದೇ, ಮತ್ತೆ ಅದು ನಿಜವಾಗಿ ಸಿಕ್ಕಿತು.

ಇನ್ನೂ ಅನುಮಾನ ಇರುವವರು ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯ ಓದಿ. ಪೌಲ ಸೆರೆಯಲ್ಲಿದ್ದಾನೆ, ಸಾವು ಹತ್ತಿರ ಬಂತು ಅಂತ ಅವನಿಗೆ ಗೊತ್ತು, ಹಾಗಂತ ಬರೆಯುತ್ತಾನೆ. ಅವನ ಮೈಗೆ ತಗಲಿದ ಬಟ್ಟೆ ಮುಟ್ಟಿಸಿದರೂ ರೋಗ ವಾಸಿಯಾಗುತ್ತಿದ್ದ ಕಾಲ ಒಂದಿತ್ತು, ಈಗ ಜೊತೆಗಾರ ತ್ರೊಫಿಮನಿಗೆ ಹುಷಾರಿಲ್ಲ, ಅವನನ್ನು ಮಿಲೇತ ಪಟ್ಟಣದಲ್ಲಿ ಬಿಟ್ಟುಬಂದೆ ಅಂತ ಬರೆಯುತ್ತಾನೆ. ಕರ್ತನು ನನ್ನನ್ನು ಎಲ್ಲಾ ಕೇಡಿನಿಂದ ತಪ್ಪಿಸಿ ತನ್ನ ರಾಜ್ಯಕ್ಕೆ ಸೇರಿಸುತ್ತಾನೆ ಅಂತಲೂ ಅದೇ ಅಧ್ಯಾಯದಲ್ಲಿ ಬರೆಯುತ್ತಾನೆ. ಜೊತೆಗೆ ಇನ್ನೊಂದು ಕೇಳುತ್ತಾನೆ: ತ್ರೋವ ಪಟ್ಟಣದಲ್ಲಿ ಕರ್ಪನ ಮನೆಯಲ್ಲಿ ನನ್ನ ಮೇಲಂಗಿ ಬಿಟ್ಟು ಬಂದಿದ್ದೇನೆ, ಬರುವಾಗ ಅದನ್ನು ತಗೊಂಡು ಬಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆಯೇ ಬರಲು ನೋಡು.