ಮುಗುಡು ಹಿಡಿದವರ ಮಾಷ್ಟ್ರು

ವಿಜ್ಞಾನದ ಮಾಷ್ಟ್ರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಬೊಜ್ಜದ (ಉತ್ತರಕ್ರಿಯೆಯ) ದಿನ ಪೆರ್ಡೂರಿನ ಅವರ ಮನೆಗೆ ಹೋದರೆ ನಮ್ಮ ಬ್ಯಾಚಿನ ಅರ್ಧ ಜನ ಅಲ್ಲಿದ್ದರು. ಅವರು ಕಲಿಸಿದ ಓಮನ ನಿಯಮ ಯಾರಿಗೂ ನೆನಪಿಲ್ಲ. ಮುಗುಡು ಮೀನಿನ ಕತೆ ಮಾತ್ರ ಎಲ್ಲರಿಗೂ ಬಾಯಿಪಾಠ.

ಆಗ ನಾವು ಎಂಟನೇ ತರಗತಿ. ಜೂನಿನ ಮೊದಲ ದೊಡ್ಡ ಮಳೆ. ಸ್ವರ್ಣಾ ನದಿಗೆ ಕೆಂಪು ನೀರು ಬಂದು, ತೋಡು ತುಂಬಿ, ಶಾಲೆಯ ಹಿಂದಿನ ಗದ್ದೆಗೆ ಉಬರ್ ಮೀನು, ಅಂದರೆ ಮೊದಲ ನೆರೆಗೆ ಹೊಳೆಯಿಂದ ಮೇಲೇರಿ ಬರುವ ಮೀನು, ಹತ್ತಿತ್ತು. ಅಂಥ ದಿನ ಕ್ಲಾಸಿನಲ್ಲಿ ಕೂರುವುದುಂಟಾ? ಊಟದ ಬೆಲ್ ಆದದ್ದೇ ಕಂಪೌಂಡ್ ಹಾರಿದೆವು. ಒಂದು ಮುಗುಡು ಹಿಡಿದು ಬಕೆಟಿಗೆ ಹಾಕಿ ಕೊನೆಯ ಬೆಂಚಿನ ಕೆಳಗೆ ಇಟ್ಟೆವು. ಇಂಗ್ಲಿಷ್ ಪಾಠದ ಮಧ್ಯೆ ಅದು ಹೊರಗೆ ಹಾರಿ ಹುಡುಗಿಯರ ಕಡೆ ತೆವಳಿತು. ಮುಂದಿನದ್ದು ಬರೆಯಬೇಕಾಗಿಲ್ಲ.

ಬೆತ್ತಕ್ಕೆ ಕೈ ಚಾಚಿ ನಿಂತಿದ್ದೆವು. ಬಂದವರು ವಿಜ್ಞಾನದ ಮಾಷ್ಟ್ರು. ಪಕ್ಕದ ಮುಳ್ಳು ತಾಗದ ಹಾಗೆ ಮೀನನ್ನು ಎತ್ತಿದರು. ನಾಲ್ಕು ಜೊತೆ ಮೀಸೆ ಇನ್ನೂ ಅಲ್ಲಾಡುತ್ತಿತ್ತು. "ಹೊಟ್ಟೆ ಮುಟ್ಟಿ ನೋಡು" ಅಂದರು. ಮುಟ್ಟಿದೆ. ಉಬ್ಬಿ ಬಿಗಿದಿತ್ತು. "ಮೊಟ್ಟೆ. ಹೊಳೆ ಬಿಟ್ಟು ಗದ್ದೆಗೆ ಯಾಕೆ ಬಂದದ್ದು ಗೊತ್ತುಂಟಾ? ಇಲ್ಲಿ ನೀರಿಗೆ ಸೆಳೆತ ಇಲ್ಲ. ಮರಿಗಳಿಗೆ ತಿನ್ನಲಿಕ್ಕೆ ಬೇಕಾದಷ್ಟು ಉಂಟು." ಮುಗುಡು ಗಾಳಿಯನ್ನೂ ಉಸಿರಾಡುತ್ತದೆ, ಅದಕ್ಕೇ ಇನ್ನೂ ಬದುಕಿದೆ ಅಂತ ಹೇಳುತ್ತಾ, ಸುರಿಯುವ ಮಳೆಯಲ್ಲೇ ಇಡೀ ಕ್ಲಾಸನ್ನು ಗದ್ದೆ ಹುಣಿಗೆ ಕರೆದುಕೊಂಡು ಹೋದರು. ಮೀನನ್ನು ನೀರಿಗೆ ಬಿಟ್ಟದ್ದು ನಾನು. ಮೀನು ತಿನ್ನಬೇಡಿ ಅಂತ ಅವರು ಯಾವತ್ತೂ ಹೇಳಿದವರಲ್ಲ. "ಮೊಟ್ಟೆ ಇಡುವವರೆಗಾದರೂ ಕಾಯಿರಿ ಮಾರಾಯ್ರೆ" ಅಂದರು, ಅಷ್ಟೇ.

ಆಮೇಲೆ ನಾವು ಅವರ ಬೆನ್ನು ಬಿಡಲಿಲ್ಲ. ಆಟಿ ತಿಂಗಳು ಕಳೆದು ಆಗಸ್ಟ್ ಕೊನೆಗೆ ಮುರಕಲ್ಲಿನ ಪಾದೆಗೆ, ಅಂದರೆ ಜಂಬಿಟ್ಟಿಗೆಯ ಬಯಲು ಬಂಡೆಗೆ, ಹೋದೆವು. ಬೇಸಿಗೆಯಲ್ಲಿ ಕಾಲು ಸುಡುವ ಪಾದೆ, ಈಗ ಅದರ ತುಂಬೆಲ್ಲ ಪುಟ್ಟ ನೀಲಿ ಹೂ. ಮೊಣಕಾಲೂರಿ ನೋಡಿ ಅಂದರು. ಪಕ್ಕದಲ್ಲೇ ಡ್ರೊಸೆರಾ ಗಿಡ. ಎಲೆಯ ಪ್ರತಿ ಕೂದಲಿನ ತುದಿಗೂ ಅಂಟಿನ ಹನಿ. ಒಂದರಲ್ಲಿ ಸೊಳ್ಳೆ ಸಿಕ್ಕಿಬಿದ್ದು ಕಾಲು ಎಳೆಯುತ್ತಿತ್ತು. ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರಜನಕ ಕಡಿಮೆ, ಅದಕ್ಕೆ ಗಿಡವೇ ಹುಳ ಹಿಡಿಯುತ್ತದೆ ಅಂದರು.

ಎಷ್ಟೋ ವರ್ಷದ ಮೇಲೆ ಪಕ್ಷಿತಜ್ಞ ಸಲೀಂ ಅಲಿಯವರ ಬಾಲ್ಯದ ಬಗ್ಗೆ ಓದಿದೆ. ಏರ್‌ಗನ್ನಿನಿಂದ ಹಳದಿ ಕೊರಳಿನ ಗುಬ್ಬಿ ಹೊಡೆದ ಹುಡುಗ, ಅದು ಯಾವ ಹಕ್ಕಿ ಅಂತ ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಸಂಗ್ರಹದ ಹಕ್ಕಿಗಳನ್ನೆಲ್ಲ ತೆಗೆದು ತೋರಿಸಿದರು. ಓದುವಾಗ ನಮ್ಮ ಮಾಷ್ಟ್ರೇ ಕಣ್ಣೆದುರು ಬಂದರು.

ಈಗಲೂ ಜೂನ್ 5ರ ಪರಿಸರ ದಿನಕ್ಕೆ ಶಾಲೆಗಳಲ್ಲಿ ಭಾಷಣ, ಚಾರ್ಟ್, ಗಿಡ ನೆಟ್ಟ ಫೋಟೊ ಎಲ್ಲ ಆಗುತ್ತದೆ. ಮಕ್ಕಳನ್ನು ಗದ್ದೆಗೆ ಇಳಿಸುವವರು ಮಾತ್ರ ಕಡಿಮೆ. ಜಾರಿ ಬಿದ್ದರೆ ಪೋಷಕರು ಕೇಳುತ್ತಾರಲ್ವಾ? ಅಮೆಜಾನ್ ಕಾಡಿನ ಬೆಂಕಿ ಮಕ್ಕಳಿಗೆ ಗೊತ್ತು, ಶಾಲೆ ಹಿಂದಿನ ಗದ್ದೆಗೆ ಮಣ್ಣು ತುಂಬಿದ್ದು ಗೊತ್ತಿಲ್ಲ. ನನಗೆ ಬೇಸರ ಇದೇ.

ಆ ಪಾದೆಯಲ್ಲಿ ಕಲ್ಲಿನ ಕೋರೆ ಮಾಡಲು ಹೊರಟಾಗ ಗ್ರಾಮಸಭೆಯಲ್ಲಿ ಮೊದಲು ಎದ್ದು ನಿಂತವನು ನಾನು. ಹೂಗಳ ಫೋಟೊ ಹಿಡಿದು ಬಿಡದೆ ಮಾತಾಡಿದೆ. ಕೋರೆ ಬರಲಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರ್ ಆದದ್ದಕ್ಕಿಂತ ಜಾಸ್ತಿ ಹೆಮ್ಮೆ ನನಗೆ ಇದರಲ್ಲಿ.

ನಿವೃತ್ತನಾಗಿ ಈಗ ಊರಲ್ಲೇ ಇದ್ದೇನೆ. ಎಂಟನೆಯವರನ್ನು ಕರೆದುಕೊಂಡು ಹೋಗಲು ತಯಾರು ಅಂತ ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ. ಪಾದೆಯ ಹೂವಿಗಾದರೆ ಆಗಸ್ಟ್, ಸೆಪ್ಟೆಂಬರ್ ಸಾಕು. ಉಬರ್ ನೋಡಬೇಕಾದರೆ ಮೊದಲ ನೆರೆಯ ದಿನವೇ ಹೋಗಬೇಕು.